ರಬ್ಬರ್‌ಗೂ ಶೇ 85 ಆಕ್ಸಿಜನ್: ಕಡಿಮೆ ಖರ್ಚಿನ ರೋಗಪತ್ತೆ ಸಾಧನ ಕಟ್ಟಲು ಹೊರಟವರಿಗೆ

ನಾವು ಕಟ್ಟಿದ ಮೊದಲ ಪಲ್ಸ್ ಆಕ್ಸಿಮೀಟರ್, ಅಂದರೆ ರಕ್ತದ ಆಕ್ಸಿಜನ್ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಸಾಧನ, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಬೆರಳಿಟ್ಟರೆ 97, 98 ಎಂದು ತೋರಿಸುತ್ತಿತ್ತು. ಪಕ್ಕದಲ್ಲಿಟ್ಟಿದ್ದ ಅಂಗಡಿಯ ಆಕ್ಸಿಮೀಟರ್ ಕೂಡ ಅಷ್ಟೇ ಹೇಳುತ್ತಿತ್ತು. ಪ್ರಾಜೆಕ್ಟ್ ಮುಗಿಯಿತು ಅಂದುಕೊಂಡು ರಿಪೋರ್ಟ್ ಬರೆಯಲು ಕೂತೆವು. ಅಷ್ಟರಲ್ಲಿ ತಂಡದಲ್ಲೊಬ್ಬ ತಮಾಷೆಗೆ ಸೆನ್ಸರ್ ಮೇಲೆ ಬಿಳಿ ರಬ್ಬರ್ ಇಟ್ಟ. ಪೆನ್ಸಿಲ್ ಅಳಿಸುವ ರಬ್ಬರ್. ಪರದೆ ಖಾಲಿಯೇ ಇತ್ತು. ಇನ್ನೊಬ್ಬ ಅದೇ ಮೇಜಿಗೆ ಮೊಣಕಾಲು ತಾಗಿಸಿಕೊಂಡು ಕಾಲು ಅಲ್ಲಾಡಿಸುತ್ತ ಕೂತ. ಮೇಜು ಅಲುಗಿತು, ರಬ್ಬರ್ ಅಲುಗಿತು, ಪರದೆಯ ಮೇಲೆ ಸಂಖ್ಯೆ ಮೂಡಿತು: 85. ನಾಡಿಬಡಿತ ನಿಮಿಷಕ್ಕೆ 120.

ಬಿದ್ದು ಬಿದ್ದು ನಕ್ಕೆವು. ಆಮೇಲೆ ಯಾರೋ ಒಬ್ಬರು, "ಇದನ್ನ ನಿಜವಾದ ರೋಗಿಗೆ ಹಾಕಿದ್ರೆ?" ಅಂದರು. ನಗು ಅಲ್ಲಿಗೆ ನಿಂತಿತು. 85 ಅಂದರೆ ಮನುಷ್ಯರ ಲೆಕ್ಕದಲ್ಲಿ ತಕ್ಷಣ ಗಾಬರಿಯಾಗಬೇಕಾದ ಸಂಖ್ಯೆ. ನಮ್ಮ ಯಂತ್ರ ಜೀವವೇ ಇಲ್ಲದ ವಸ್ತುವನ್ನು ತುರ್ತು ರೋಗಿ ಮಾಡಿಬಿಟ್ಟಿತ್ತು. ಅದೂ ಚೂರೂ ಅನುಮಾನವಿಲ್ಲದೆ, ಅಷ್ಟೇ ದಪ್ಪ ಅಕ್ಷರದಲ್ಲಿ.

ಕಡಿಮೆ ಖರ್ಚಿನ ವೈದ್ಯಕೀಯ ಸಾಧನವನ್ನು ಪ್ರಾಜೆಕ್ಟ್ ಆಗಿ ತೆಗೆದುಕೊಳ್ಳುವ ವಿದ್ಯಾರ್ಥಿಗಳು ಈಗ ಬಹಳ ಜನ. ಸೆನ್ಸರ್ ಸಿಗುತ್ತದೆ, ಕೋಡ್ ಸಿಗುತ್ತದೆ, ವಾರದೊಳಗೆ ಪರದೆಯ ಮೇಲೆ ಏನೋ ಒಂದು ಸಂಖ್ಯೆ ಬಂದೇ ಬರುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ. ಆ ಸಂಖ್ಯೆಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು? ಅದನ್ನು ಯಂತ್ರವೇ ಹೇಳುವಂತೆ ಮಾಡುವುದು ಹೇಗೆ?

ರೋಗಿ ಇರುವಲ್ಲೇ ಪರೀಕ್ಷೆ

ಮಾಮೂಲಿಯಾಗಿ ರಕ್ತವೋ ಮೂತ್ರವೋ ಲ್ಯಾಬ್‌ಗೆ ಹೋಗುತ್ತದೆ, ರಿಪೋರ್ಟ್ ಆಮೇಲೆ ಬರುತ್ತದೆ. ಇದರ ಬದಲು ಹಾಸಿಗೆಯ ಪಕ್ಕದಲ್ಲೋ ಆರೋಗ್ಯ ಕಾರ್ಯಕರ್ತೆಯ ಚೀಲದಲ್ಲೋ ಮನೆಯಲ್ಲೋ ಪರೀಕ್ಷೆ ಮಾಡಿ ಅಲ್ಲೇ ಫಲಿತಾಂಶ ನೋಡುವುದಕ್ಕೆ ಪಾಯಿಂಟ್ ಆಫ್ ಕೇರ್ ಪರೀಕ್ಷೆ ಎನ್ನುತ್ತಾರೆ. ಗ್ಲುಕೋಮೀಟರ್, ಗರ್ಭಪರೀಕ್ಷೆಯ ಪಟ್ಟಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲ ಇದೇ ಗುಂಪಿನವು.

ಇಂಥ ಪರೀಕ್ಷೆ ಹೇಗಿರಬೇಕು ಎನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯದೊಂದು ಪಟ್ಟಿ ಇದೆ. ಖರ್ಚು ಕಡಿಮೆ ಇರಬೇಕು. ರೋಗ ಇದ್ದವರನ್ನು ಬಿಡಬಾರದು, ಇಲ್ಲದವರನ್ನು ಹಿಡಿಯಬಾರದು. ಬಳಸಲು ಸುಲಭವಾಗಿರಬೇಕು. ಬೇಗ ಮುಗಿಯಬೇಕು, ಒರಟು ಕೈಗೆ ಸಿಕ್ಕರೂ ಉಳಿಯಬೇಕು. ಬೇರೆ ಉಪಕರಣದ ಹಂಗಿರಬಾರದು. ಬೇಕಾದವರ ಕೈಗೆ ಹೋಗಿ ಮುಟ್ಟಬೇಕು. ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿ ಇದಕ್ಕೆ 'ಅಶ್ಯೂರ್ಡ್' ಎಂದು ಹೆಸರಿಟ್ಟಿದ್ದಾರೆ. ಪಟ್ಟಿಯಲ್ಲಿ ಖರ್ಚು ಒಂದು ಅಂಶ ಅಷ್ಟೇ. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಮಾತ್ರ ಅದೇ ಎಲ್ಲವೂ ಆಗಿಬಿಡುತ್ತದೆ.

85 ಎಲ್ಲಿಂದ ಬಂತು?

ರಬ್ಬರ್‌ನ ಗುಟ್ಟು ತಿಳಿಯಬೇಕಾದರೆ ಆಕ್ಸಿಮೀಟರ್‌ನ ಒಳಗೆ ಇಣುಕಬೇಕು. ಅದರಲ್ಲಿ ಎರಡು ಎಲ್‌ಇಡಿ ಇರುತ್ತವೆ. ಒಂದು ಕೆಂಪು, ಸುಮಾರು 660 ನ್ಯಾನೊಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಇನ್‌ಫ್ರಾರೆಡ್ ಅನ್ನು ಜಾಸ್ತಿ ಹೀರುತ್ತದೆ. ಆಕ್ಸಿಜನ್ ಇಳಿಸಿ ಬಂದ ಹಿಮೋಗ್ಲೋಬಿನ್ ಇದಕ್ಕೆ ತದ್ವಿರುದ್ಧ. ಹಾಗಾದರೆ ಎರಡೂ ಬೆಳಕನ್ನು ಬೆರಳಿಗೆ ಬಿಟ್ಟು ಎಷ್ಟು ವಾಪಸ್ ಬಂತು ಅಂತ ನೋಡಿದರೆ ಸಾಕು, ಅಲ್ವಾ?

ಸಾಕಾಗುವುದಿಲ್ಲ. ಬೆಳಕು ಚರ್ಮದಲ್ಲಿ, ಮಾಂಸದಲ್ಲಿ, ಮೂಳೆಯಲ್ಲಿ, ಹೃದಯಕ್ಕೆ ಮರಳುವ ಅಭಿಧಮನಿಯ ರಕ್ತದಲ್ಲಿ ಎಲ್ಲ ಕಡೆ ಕಳೆದುಹೋಗುತ್ತದೆ. ನಮಗೆ ಬೇಕಾದದ್ದು ಹೃದಯದಿಂದ ಬರುವ ಅಪಧಮನಿಯ ರಕ್ತದ ಸುದ್ದಿ ಮಾತ್ರ. ಇದಕ್ಕೆ ದಾರಿ ಹುಡುಕಿದವರು ಜಪಾನಿನ ಎಂಜಿನಿಯರ್ ತಕುವೊ ಅಯೊಯಗಿ. ಅವರು ಹುಡುಕುತ್ತಿದ್ದದ್ದೇ ಬೇರೆ. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಗೆ ಬೆಳಕು ಬಿಟ್ಟು, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತಿದೆ ಎಂದು ಅಳೆಯಲು ಹೊರಟಿದ್ದರು. ನಾಡಿ ಮಿಡಿದಾಗಲೆಲ್ಲ ಗ್ರಾಫ್ ಕುಣಿಯುತ್ತಿತ್ತು. ಅದೊಂದು ದೊಡ್ಡ ಕಿರಿಕಿರಿ. ಅದನ್ನು ತೆಗೆಯುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದಾಗ ಅವರಿಗೆ ಹೊಳೆದದ್ದು ಇದು: ಮಿಡಿಯುವುದು ಅಪಧಮನಿಯ ರಕ್ತ ಮಾತ್ರ. ಹಾಗಾದರೆ ಕುಣಿಯುವ ಭಾಗವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೆ ಆಯಿತು. 1974ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಸ ಅಂತ ಎಸೆಯಲು ಹೊರಟದ್ದೇ ಅವರಿಗೆ ಬೇಕಾದ ಸಿಗ್ನಲ್ ಆಯಿತು.

ಈ ಕುಣಿತ ತೀರಾ ಸಣ್ಣದು. ಒಟ್ಟು ಬೆಳಕಿನಲ್ಲಿ ಶೇ 1 ಅಥವಾ 2 ಇದ್ದರೆ ಹೆಚ್ಚು. ಕೆಂಪಿನಲ್ಲಿ ಕುಣಿತ ಒಟ್ಟು ಬೆಳಕಿನ ಎಷ್ಟು ಪಾಲು, ಇನ್‌ಫ್ರಾರೆಡ್‌ನಲ್ಲಿ ಎಷ್ಟು ಪಾಲು ಎಂದು ಲೆಕ್ಕ ಹಾಕಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಬಂದ ಉತ್ತರವನ್ನು ಆರ್ ಎನ್ನುತ್ತಾರೆ. ಹವ್ಯಾಸಿಗಳ ಕೋಡ್‌ನಲ್ಲಿ ಬಹಳ ಸಲ ಕಾಣುವ ಸೂತ್ರ ಹೀಗಿದೆ: 110ರಿಂದ ಆರ್‌ನ 25 ಪಟ್ಟು ಕಳೆಯಿರಿ. ಆರ್ 0.5 ಇದ್ದರೆ 97.5 ಬರುತ್ತದೆ. ಆರೋಗ್ಯವಂತರ ಬೆರಳು ಹೆಚ್ಚುಕಡಿಮೆ ಇಷ್ಟು ತೋರಿಸುತ್ತದೆ.

ಈಗ ರಬ್ಬರ್‌ಗೆ ಬನ್ನಿ. ಅಲುಗುವ ರಬ್ಬರ್‌ನಿಂದ ವಾಪಸ್ ಬರುವ ಬೆಳಕು ಏರಿಳಿಯುತ್ತದೆ, ನಿಜ. ಆದರೆ ರಬ್ಬರ್‌ಗೆ ಕೆಂಪು, ಇನ್‌ಫ್ರಾರೆಡ್ ಅನ್ನೋ ಭೇದ ಇಲ್ಲ. ಎರಡೂ ಒಂದೇ ಪಾಲಿನಲ್ಲಿ ಕುಣಿಯುತ್ತವೆ. ಹಾಗಾಗಿ ಆರ್ ಸರಿಯಾಗಿ 1. 110ರಿಂದ 25 ಕಳೆದರೆ ಎಷ್ಟು? 85. ನಮ್ಮ ಯಂತ್ರ ಕೊಟ್ಟ ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ. ಅಲುಗಾಟವನ್ನು ನಾಡಿ ಅಂದುಕೊಂಡಿತ್ತು, ಅಷ್ಟೇ. ನಡುಗುವ ಕೈಗೆ, ಅಳುತ್ತ ಕೈಕಾಲು ಬಡಿಯುವ ಮಗುವಿಗೆ ಆಕ್ಸಿಮೀಟರ್ ಹಾಕಿದಾಗ ರೀಡಿಂಗ್ 85ರ ಕಡೆಗೆ ಜಾರುವುದಕ್ಕೂ ಇದೇ ಕಾರಣ. ಸೆನ್ಸರ್ ಮೇಲೆ ಏನಾದರೂ ಇದೆಯೇ ಎಂದು ನೋಡಲು ನಾವು ವಾಪಸ್ ಬರುವ ಬೆಳಕಿನ ಮಟ್ಟವನ್ನಷ್ಟೇ ಪರೀಕ್ಷಿಸಿದ್ದೆವು. ಬಿಳಿ ರಬ್ಬರ್ ಆ ಪರೀಕ್ಷೆಯನ್ನು ಬೆರಳಿನಷ್ಟೇ ಚೆನ್ನಾಗಿ ಪಾಸು ಮಾಡಿತ್ತು.

ಆ 110, ಆ 25

ಇನ್ನೊಂದು ಪ್ರಶ್ನೆ ನಮಗೆ ತಿಂಗಳುಗಟ್ಟಲೆ ಹೊಳೆದೇ ಇರಲಿಲ್ಲ. ಸೂತ್ರದಲ್ಲಿ 110 ಮತ್ತು 25 ಯಾಕೆ? ಯಾವ ನಿಯಮದಿಂದ ಬಂದವು? ಯಾವ ನಿಯಮದಿಂದಲೂ ಅಲ್ಲ. ಜನರ ಮೇಲೆ ಅಳೆದು ತಂದ ಸಂಖ್ಯೆಗಳಿಗೆ ಹತ್ತಿರ ಹತ್ತಿರ ಬರುವ ಒಂದು ಸರಳ ಗೆರೆ ಅದು. ನಿಜವಾದ ಆಕ್ಸಿಮೀಟರ್ ತಯಾರಿಸುವವರು ಆರೋಗ್ಯವಂತ ಸ್ವಯಂಸೇವಕರಿಗೆ, ವೈದ್ಯರ ಕಣ್ಗಾವಲಿನಲ್ಲಿ, ಆಕ್ಸಿಜನ್ ಕಡಿಮೆ ಇರುವ ಗಾಳಿ ಕೊಡುತ್ತಾರೆ. ರಕ್ತದ ಆಕ್ಸಿಜನ್ ಮಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಶೇ 70ರವರೆಗೆ ಇಳಿಸುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಅಪಧಮನಿಯಿಂದ ರಕ್ತ ತೆಗೆದು ಲ್ಯಾಬ್ ಯಂತ್ರದ ಜೊತೆ ಹೋಲಿಸುತ್ತಾರೆ. ಇದು ಕಾಲೇಜಿನ ಲ್ಯಾಬ್‌ನಲ್ಲಿ ಮಾಡುವ ಕೆಲಸ ಅಲ್ಲ. ಮಾಡಲೂಬಾರದು.

ಸ್ವಯಂಸೇವಕರು ಯಾರು ಎನ್ನುವುದೂ ಮುಖ್ಯ. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಕನಿಷ್ಠ 10 ಜನ, 200 ರೀಡಿಂಗ್ ಸಾಕಿತ್ತು. ಅದರಲ್ಲಿ ಗಾಢ ಬಣ್ಣದ ಚರ್ಮದವರು ಕನಿಷ್ಠ ಇಬ್ಬರು ಅಥವಾ ಶೇ 15, ಯಾವುದು ಜಾಸ್ತಿಯೋ ಅಷ್ಟು. 2020ರ ಡಿಸೆಂಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ 3.6, ಕಪ್ಪು ಜನರಲ್ಲಿ ಶೇ 11.7. ಹೆಚ್ಚುಕಡಿಮೆ ಮೂರು ಪಟ್ಟು. ದಶಕಗಳಿಂದ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿರುವ ಸಾಧನದ ಕಥೆಯೇ ಇದು. ನಿಮ್ಮ ಯಂತ್ರವನ್ನು ತಂಡದ ನಾಲ್ಕು ಜನರ ಬೆರಳಿನ ಮೇಲಷ್ಟೇ ನೋಡಿದ್ದರೆ, ಅದು ಆ ನಾಲ್ಕು ಬೆರಳಿನ ಯಂತ್ರ. ಅದೂ ನಾಲ್ವರೂ ಆರೋಗ್ಯವಾಗಿದ್ದಾಗ. ಯಾವಾಗಲೂ 98 ಎಂದು ಬರೆದ ಒಂದು ಚೀಟಿಯನ್ನು ಅಂಟಿಸಿದ್ದರೂ ನಮ್ಮ ತಂಡದ ಮೇಲೆ ಅದು ಅಷ್ಟೇ ಚೆನ್ನಾಗಿ 'ಕೆಲಸ' ಮಾಡುತ್ತಿತ್ತು.

ಎರಡನೇ ಗೆರೆಯ ಕೆಲಸ

ಗರ್ಭಪರೀಕ್ಷೆಯ ಪಟ್ಟಿಯನ್ನು ನಾನು ಈ ವಿಷಯದ ಅತ್ಯುತ್ತಮ ಪಾಠ ಅಂದುಕೊಂಡಿದ್ದೇನೆ. ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಒಂದು ತುದಿಗೆ ಮೂತ್ರ ತಾಗಿದರೆ ಅದು ಕಾಗದದಂಥ ಪೊರೆಯೊಳಗೆ ತಾನಾಗಿ ಹರಿಯುತ್ತ ಹೋಗುತ್ತದೆ. ದಾರಿಯಲ್ಲಿ ಬಣ್ಣದ ಕಣಗಳು ಕಾದಿರುತ್ತವೆ, ಬಹಳ ಸಲ ಚಿನ್ನದ ನ್ಯಾನೊ ಕಣಗಳು. ಈ ಗಾತ್ರದಲ್ಲಿ ಚಿನ್ನ ಕೆಂಪಗೆ ಕಾಣುತ್ತದೆ. ಕಣಗಳ ಮೈಗೆ ಗರ್ಭದ ಹಾರ್ಮೋನನ್ನು ಹಿಡಿಯುವ ಆಂಟಿಬಾಡಿ ಅಂಟಿಸಿರುತ್ತಾರೆ. ಮುಂದೆ ಒಂದು ಗೆರೆಯಲ್ಲಿ ಅದೇ ಹಾರ್ಮೋನನ್ನು ಇನ್ನೊಂದು ಕಡೆಯಿಂದ ಹಿಡಿಯುವ ಆಂಟಿಬಾಡಿ. ಹಾರ್ಮೋನ್ ಇದ್ದರೆ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ, ಕಣಗಳು ಅಲ್ಲೇ ಜಮಾಯಿಸುತ್ತವೆ, ಗೆರೆ ಕೆಂಪಾಗುತ್ತದೆ.

ನನಗೆ ಇಷ್ಟವಾಗುವುದು ಅದರ ಆಚೆಗಿನ ಇನ್ನೊಂದು ಗೆರೆ. ಅದಕ್ಕೆ ಕಂಟ್ರೋಲ್ ಲೈನ್ ಎನ್ನುತ್ತಾರೆ. ಹಾರ್ಮೋನ್ ಇರಲಿ ಬಿಡಲಿ, ಮೂತ್ರ ಸರಿಯಾಗಿ ಹರಿದು ಕಣಗಳು ಅಲ್ಲಿಗೆ ಬಂದರೆ ಅದು ಮೂಡಲೇಬೇಕು. ಮೂಡಲಿಲ್ಲ ಅಂದರೆ 'ಗರ್ಭ ಇಲ್ಲ' ಅಂತ ಅಲ್ಲ, 'ಪರೀಕ್ಷೆಯೇ ಆಗಿಲ್ಲ' ಅಂತ. ಬರೀ ಒಂದು ತುಂಡು ಪಟ್ಟಿಗೆ 'ನನಗೆ ಗೊತ್ತಾಗಲಿಲ್ಲ' ಎನ್ನಲು ಬರುತ್ತದೆ. ಮೈಕ್ರೋಕಂಟ್ರೋಲರ್, ಓಎಲ್‌ಇಡಿ ಪರದೆ, ಬ್ಲೂಟೂತ್ ಎಲ್ಲ ಇದ್ದ ನಮ್ಮ ಯಂತ್ರಕ್ಕೆ ಬರುತ್ತಿರಲಿಲ್ಲ.

ಒಂದು ಹನಿ ರಕ್ತದ ಆಸೆ

ಪ್ರಾಜೆಕ್ಟ್ ಪ್ರಸ್ತಾವಗಳಲ್ಲಿ 'ಒಂದೇ ಹನಿ ರಕ್ತದಿಂದ' ಎಂಬ ಮಾತು ಪದೇ ಪದೇ ಬರುತ್ತದೆ. ಕೇಳಲು ಚೆಂದ. ಆದರೆ ಬೆರಳಿನ ಹನಿ ಅಂದರೆ ಅಭಿಧಮನಿಯಿಂದ ತೆಗೆದ ರಕ್ತದ ಸಣ್ಣ ತುಣುಕು ಅಲ್ಲ. ಬೆರಳು ಹಿಂಡಿದರೆ ಸುತ್ತಲಿನ ಅಂಗಾಂಶದ ದ್ರವವೂ ಬೆರೆಯುತ್ತದೆ, ರಕ್ತ ತೆಳುವಾಗುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಒಂದೇ ಚುಚ್ಚಿನಿಂದ ಒಂದರ ಹಿಂದೆ ಒಂದು ಬಂದ ಹನಿಗಳನ್ನು ಬೇರೆಬೇರೆಯಾಗಿ ಅಳೆದರು. ಹನಿಯಿಂದ ಹನಿಗೆ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಲ್ಲ ಏರುಪೇರಾಗಿದ್ದವು. ಅಭಿಧಮನಿಯ ರಕ್ತದಷ್ಟು ನಂಬಿಕಸ್ಥ ಉತ್ತರ ಬೇಕಾದರೆ ಆರರಿಂದ ಒಂಬತ್ತು ಹನಿಗಳ ಸರಾಸರಿ ಬೇಕಾಯಿತು. ಒಂದೇ ಹನಿ ಸಾಕು ಎಂದು ಹೊರಟಿದ್ದವರಿಗೆ ಇದು ತಣ್ಣೀರು.

ಇದೇ ಆಸೆಯ ಮೇಲೆ ಕಟ್ಟಿದ್ದ ದೊಡ್ಡ ಕಂಪನಿ ಥೆರನೋಸ್. 2003ರಲ್ಲಿ ಎಲಿಜಬೆತ್ ಹೋಮ್ಸ್ ಶುರು ಮಾಡಿದ್ದು. ಬೆರಳಿನ ಕೆಲವೇ ಹನಿಗಳಲ್ಲಿ ಬಹಳಷ್ಟು ಪರೀಕ್ಷೆ ಮಾಡುತ್ತೇವೆ ಎಂದರು. 2015ರಲ್ಲಿ ಪತ್ರಕರ್ತರು ಅದನ್ನು ಬಯಲಿಗೆಳೆದರು, 2018ರಲ್ಲಿ ಕಂಪನಿ ಮುಚ್ಚಿತು, 2022ರ ಜನವರಿಯಲ್ಲಿ ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ ಹೋಮ್ಸ್ ತಪ್ಪಿತಸ್ಥೆ ಎಂದು ತೀರ್ಪು ಬಂತು. ವಂಚನೆಯ ಭಾಗ ಎಲ್ಲರಿಗೂ ಗೊತ್ತು. ಹನಿಯ ಕಷ್ಟ ಮಾತ್ರ ಇವತ್ತಿಗೂ ಹಾಗೇ ಇದೆ, ಪ್ರಾಮಾಣಿಕರಿಗೂ ಅದು ತಪ್ಪಿದ್ದಲ್ಲ.

ಗ್ರಾಫ್ ಸುಂದರ, ಯಂತ್ರ ತಪ್ಪು

ರಿಪೋರ್ಟ್‌ನ ಕೊನೆಗೆ ಬರೋಣ. ನಮ್ಮ ಯಂತ್ರದ ರೀಡಿಂಗ್ ಒಂದು ಅಕ್ಷದಲ್ಲಿ, ಲ್ಯಾಬ್‌ನದು ಇನ್ನೊಂದರಲ್ಲಿ. ಚುಕ್ಕಿಗಳೆಲ್ಲ ಗೆರೆಯ ಮೇಲೆ ಕೂತಿವೆ. ಸಹಸಂಬಂಧ, ಅಂದರೆ ಎರಡೂ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎನ್ನುವ ಅಳತೆ, 0.98 ಎಂದು ಬರೆದು ಮುಗಿಸುತ್ತೇವೆ. ಈಗ ಹಿಮೋಗ್ಲೋಬಿನ್ ಅಳೆಯುವ ಒಂದು ಯಂತ್ರ ಪ್ರತಿ ಸಲವೂ 2 ಗ್ರಾಂ ಜಾಸ್ತಿ ತೋರಿಸುತ್ತದೆ ಅಂದುಕೊಳ್ಳಿ. 8 ಇದ್ದವರಿಗೆ 10, 10 ಇದ್ದವರಿಗೆ 12. ಚುಕ್ಕಿಗಳು ಇನ್ನೂ ಒಂದೇ ಗೆರೆಯಲ್ಲಿರುತ್ತವೆ. ಸಹಸಂಬಂಧ ಪೂರ್ತಿ 1. ಆದರೆ ರಕ್ತಹೀನತೆ ಇರುವವರನ್ನು ಆ ಯಂತ್ರ 'ಚೆನ್ನಾಗಿದ್ದೀರಿ' ಎಂದು ಮನೆಗೆ ಕಳಿಸುತ್ತದೆ.

ಮಾರ್ಟಿನ್ ಬ್ಲಾಂಡ್ ಮತ್ತು ಡಗ್ಲಾಸ್ ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ಇದಕ್ಕೊಂದು ಸರಳ ಮದ್ದು ಜನಪ್ರಿಯ ಮಾಡಿದರು. ಎರಡು ಯಂತ್ರಗಳ ರೀಡಿಂಗ್‌ಗಳ ವ್ಯತ್ಯಾಸವನ್ನು ಒಂದು ಅಕ್ಷದಲ್ಲಿ ಹಾಕಿ, ಎರಡರ ಸರಾಸರಿಯನ್ನು ಇನ್ನೊಂದರಲ್ಲಿ. ಯಂತ್ರ ಒಂದೇ ಕಡೆ ವಾಲುತ್ತಿದೆಯೇ, ಕಡಿಮೆ ಮಟ್ಟದಲ್ಲಿ ಜಾಸ್ತಿ ತಪ್ಪುತ್ತಿದೆಯೇ, ತೀರಾ ಕೆಟ್ಟ ದಿನ ಎಷ್ಟು ತಪ್ಪುತ್ತದೆ, ಎಲ್ಲ ಕಣ್ಣಿಗೆ ರಾಚುತ್ತದೆ. ಎಷ್ಟು ತಪ್ಪಿದರೆ ಪರವಾಗಿಲ್ಲ ಎನ್ನುವುದನ್ನು ಮಾತ್ರ ಗ್ರಾಫ್ ಹೇಳುವುದಿಲ್ಲ. ಅದನ್ನು ವೈದ್ಯರನ್ನು ಕೇಳಿ ಮೊದಲೇ ನಿರ್ಧರಿಸಬೇಕು. ಗ್ಲುಕೋಮೀಟರ್‌ಗೆ ಇದು ಬರಹದಲ್ಲೇ ಇದೆ. ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡದ 2013ರ ಆವೃತ್ತಿಯಂತೆ 100ರಲ್ಲಿ 95 ರೀಡಿಂಗ್‌ಗಳು ಲ್ಯಾಬ್ ಉತ್ತರದ ಹತ್ತಿರ ಇರಬೇಕು: ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದಾಗ 15 ಮಿಲಿಗ್ರಾಂ ಆಚೀಚೆ, ಅದಕ್ಕಿಂತ ಮೇಲಿದ್ದಾಗ ಶೇ 15 ಆಚೀಚೆ.

ಹೌದು ಅಥವಾ ಇಲ್ಲ ಎನ್ನುವ ಪರೀಕ್ಷೆಯಾದರೆ ಇನ್ನೊಂದು ಬಲೆ ಇದೆ. ರೋಗ ಇರುವ 100 ಜನರಲ್ಲಿ 95 ಜನರನ್ನು ಹಿಡಿಯುತ್ತದೆ, ಇಲ್ಲದ 100 ಜನರಲ್ಲಿ 95 ಜನರಿಗೆ ಸರಿಯಾಗಿ ಇಲ್ಲ ಎನ್ನುತ್ತದೆ. ಒಳ್ಳೆಯ ಪರೀಕ್ಷೆ ಅನಿಸುತ್ತದೆ, ಅಲ್ವಾ? 1,000 ಜನರ ಊರಲ್ಲಿ 20 ಜನರಿಗೆ ಮಾತ್ರ ಆ ರೋಗ ಇದೆ ಅಂದುಕೊಳ್ಳಿ. 20ರಲ್ಲಿ 19 ಜನ ಸಿಗುತ್ತಾರೆ. ಉಳಿದ 980 ಜನರಲ್ಲಿ ಶೇ 5, ಅಂದರೆ 49 ಜನರಿಗೆ ಸುಮ್ನೆ 'ಇದೆ' ಎಂದು ಬರುತ್ತದೆ. ಒಟ್ಟು 68 ಪಾಸಿಟಿವ್, ಅದರಲ್ಲಿ ನಿಜ 19. ಅದೇ ಪರೀಕ್ಷೆಯನ್ನು ಅರ್ಧಕ್ಕರ್ಧ ಜನರಿಗೆ ಆ ರೋಗವಿರುವ ಕ್ಲಿನಿಕ್‌ನಲ್ಲಿ ಬಳಸಿದರೆ 500 ಪಾಸಿಟಿವ್‌ಗಳಲ್ಲಿ 475 ನಿಜ. ಪಟ್ಟಿ ಅದೇ, ರಸಾಯನಶಾಸ್ತ್ರ ಅದೇ. ಹಾಗಾಗಿ ಇದನ್ನು ಯಾರು, ಎಲ್ಲಿ, ಯಾವ ರೋಗಿಗೆ ಬಳಸುತ್ತಾರೆ ಎನ್ನುವ ಪ್ರಶ್ನೆ ಸರ್ಕ್ಯೂಟ್‌ಗಿಂತ ಮೊದಲು ಬರಬೇಕು.

ಅಗ್ಗ ಅಂದರೆ

ಮನು ಪ್ರಕಾಶ್ ಎಂಬ ಸ್ಟ್ಯಾನ್‌ಫರ್ಡ್ ವಿಜ್ಞಾನಿ ಉಗಾಂಡಾದ ಆರೋಗ್ಯ ಕೇಂದ್ರವೊಂದಕ್ಕೆ ಹೋಗಿದ್ದಾಗ ರಕ್ತವನ್ನು ಗಿರ್ರನೆ ತಿರುಗಿಸಿ ಅದರ ಭಾಗಗಳನ್ನು ಬೇರೆ ಮಾಡುವ ದುಬಾರಿ ಸೆಂಟ್ರಿಫ್ಯೂಜ್ ಒಂದು ಬಾಗಿಲು ಮುಚ್ಚದಂತೆ ಒತ್ತು ಕೊಡಲು ಕೂತಿತ್ತಂತೆ. ಕರೆಂಟ್ ಇರಲಿಲ್ಲ. ಅವರ ತಂಡ 2017ರಲ್ಲಿ ತೋರಿಸಿದ ಉತ್ತರ ಪೇಪರ್‌ಫ್ಯೂಜ್. ಗುಂಡಿಗೆ ದಾರ ಪೋಣಿಸಿ ಎಳೆದು ಬಿಟ್ಟು ಬುರ್ರೆಂದು ತಿರುಗಿಸುವ ಆಟಿಕೆ ಗೊತ್ತಲ್ಲ, ಅದೇ ಉಪಾಯ. ಕಾಗದದ ಬಿಲ್ಲೆ, ದಾರ, ಎರಡು ಹಿಡಿ. ತೂಕ 2 ಗ್ರಾಂ, ಖರ್ಚು 20 ಸೆಂಟ್, ವೇಗ ನಿಮಿಷಕ್ಕೆ 1,25,000 ಸುತ್ತು. ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ ಎಂಬ ಹಳದಿ ದ್ರವ ಬೇರೆಯಾಗುತ್ತದೆ.

ಅದಕ್ಕೂ ಮುಂಚೆ, 2010ರಲ್ಲಿ, ರೈಸ್‌ನ ಇಬ್ಬರು ಪದವಿ ವಿದ್ಯಾರ್ಥಿನಿಯರು ಕ್ಲಾಸಿನ ಅಸೈನ್‌ಮೆಂಟ್‌ಗಾಗಿ ಇನ್ನೂ ಸರಳವಾದದ್ದು ಮಾಡಿದ್ದರು. ಕರೆಂಟ್ ಇಲ್ಲದೆ ರಕ್ತಹೀನತೆ ಪತ್ತೆ ಮಾಡಿ ಎನ್ನುವುದು ಪ್ರಶ್ನೆ. ತೊಳೆದ ಸೊಪ್ಪಿನ ನೀರು ಹಾರಿಸಲು ತಿರುಗಿಸುವ ಅಡುಗೆಮನೆಯ ಡಬ್ಬ ತಂದರು. ಅದಕ್ಕೆ ಪ್ಲಾಸ್ಟಿಕ್ ಮುಚ್ಚಳ, ಕತ್ತರಿಸಿದ ಬಾಚಣಿಗೆ, ಮೊಸರಿನ ಡಬ್ಬಿ ಸೇರಿಸಿ ಬಿಸಿ ಅಂಟಿನಿಂದ ಅಂಟಿಸಿದರು. ಒಂದೇ ಸಲಕ್ಕೆ ರಕ್ತದ 30 ಸಣ್ಣ ಕೊಳವೆ ತಿರುಗುತ್ತವೆ. ಹತ್ತು ನಿಮಿಷ ಕೈಯಲ್ಲಿ ಒತ್ತಿದರೆ ಕೆಂಪು ಕಣ ತಳಕ್ಕಿಳಿಯುತ್ತದೆ, ಕೊಳವೆಯಲ್ಲಿ ಕೆಂಪು ಎಷ್ಟು ಉದ್ದ ಎಂದು ಅಳೆದರೆ ಉತ್ತರ. ಇಲ್ಲಿ ನನಗೆ ಕಾಣುವ ಜಾಣತನ ಏನೆಂದರೆ, ಉತ್ತರ ಅಳತೆಪಟ್ಟಿಯಲ್ಲಿದೆ. ರಕ್ತ ಸರಿಯಾಗಿ ಬೇರೆಯಾಗದಿದ್ದರೆ ಕೆಂಪು ಮತ್ತು ಹಳದಿಯ ನಡುವಿನ ಗಡಿ ಮಸುಕಾಗಿರುತ್ತದೆ. ನೋಡುವವರಿಗೆ ಅನುಮಾನ ತಾನಾಗಿ ಬರುತ್ತದೆ.

ಖರ್ಚಿನ ಲೆಕ್ಕದಲ್ಲಿ ನಾವೆಲ್ಲ ಮಾಡುವ ತಪ್ಪೆಂದರೆ ಬಿಡಿಭಾಗಗಳ ಬೆಲೆ ಕೂಡಿಸಿ 'ಇಷ್ಟರಲ್ಲೇ ಆಯಿತು' ಎನ್ನುವುದು. ಗ್ಲುಕೋಮೀಟರ್ ಒಂದು ಸಲದ ಖರ್ಚು, ಸ್ಟ್ರಿಪ್ ಜೀವನಪೂರ್ತಿಯ ಖರ್ಚು. ಒಂದು ಪರೀಕ್ಷೆಗೆ ಎಷ್ಟು ಬೀಳುತ್ತದೆ, ಸ್ಟ್ರಿಪ್ ಬಿಸಿಲಲ್ಲಿ ಎಷ್ಟು ದಿನ ಬಾಳುತ್ತದೆ, ಬ್ಯಾಟರಿ ಎಲ್ಲ ಕಡೆ ಸಿಗುವಂಥದ್ದೇ, ಚುಚ್ಚಿದ ಸೂಜಿ ಎಲ್ಲಿ ಹೋಗುತ್ತದೆ, ಇವನ್ನೂ ಸೇರಿಸಿ.

ಹಾಗಾದರೆ ಒಂದು ಸೆಮಿಸ್ಟರ್‌ನಲ್ಲಿ ಏನು ಮಾಡಬಹುದು? ರಕ್ತದಿಂದ ಶುರು ಮಾಡಬೇಡಿ. ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಇಲ್ಲದೆ ಗೆಳೆಯರ ಬೆರಳನ್ನೂ ಚುಚ್ಚುವಂತಿಲ್ಲ, ಅವರು ಎಷ್ಟೇ ಧಾರಾಳವಾಗಿ ಬೆರಳು ಚಾಚಿದರೂ. ಬಣ್ಣದ ನೀರು, ಗೊತ್ತಿರುವ ಪ್ರಮಾಣದ ಗ್ಲುಕೋಸ್ ದ್ರಾವಣ, ಲ್ಯಾಬ್‌ನಲ್ಲೇ ತಯಾರಿಸಿದ ಕೃತಕ ಮೂತ್ರ ಇವುಗಳಲ್ಲೇ ಬೇಕಾದಷ್ಟು ಕೆಲಸವಿದೆ. ಒಂದೇ ದ್ರಾವಣವನ್ನು ಇಪ್ಪತ್ತು ಸಲ ಅಳೆಯಿರಿ. ಬೆಳಿಗ್ಗೆ ಅಳೆಯಿರಿ, ಮಧ್ಯಾಹ್ನ ಕಿಟಕಿ ತೆರೆದು ಅಳೆಯಿರಿ, ಬೇರೆಯವರ ಕೈಗೆ ಕೊಟ್ಟು ಅಳೆಸಿ. ಮೈಗೆ ತಾಗುವ ಸಾಧನವಾದರೆ ಬ್ಯಾಟರಿಯಲ್ಲೇ ಓಡಿಸಿ, ಚಾರ್ಜರ್‌ಗೆ ಸಿಕ್ಕಿಸಿದ ಲ್ಯಾಪ್‌ಟಾಪ್‌ಗೆ ಜೋಡಿಸಬೇಡಿ.

ನಾವು ಉಳಿದ ಎರಡು ತಿಂಗಳನ್ನು ರಬ್ಬರ್‌ಗೇ ಕೊಟ್ಟೆವು. ಎಲ್‌ಇಡಿ ಆರಿಸಿ ಕೋಣೆಯ ಬೆಳಕನ್ನು ಅಳೆದು ಕಳೆಯುವುದು ಮೊದಲ ಕೆಲಸ. ಆಮೇಲೆ ಬಡಿತದ ಆಕಾರ ನೋಡುವುದು: ನಾಡಿ ಹೊಡೆದಾಗ ಬೆಳಕು ಸರ್ರನೆ ಇಳಿದು ನಿಧಾನಕ್ಕೆ ಏರುತ್ತದೆ, ರಬ್ಬರ್ ಎರಡೂ ಕಡೆ ಒಂದೇ ಸಮ ತೂಗುತ್ತದೆ. ಒಂದರ ಹಿಂದೊಂದು ಬಡಿತಗಳಲ್ಲಿ ಆರ್ ಹೊಂದುತ್ತದೆಯೇ ಎಂದೂ ನೋಡಿದೆವು. ಕುಣಿತ ತೀರಾ ಸಣ್ಣದಿದ್ದರೆ ಸಂಖ್ಯೆಯೇ ಇಲ್ಲ, ಎರಡು ಅಡ್ಡಗೆರೆ ಅಷ್ಟೇ.

ಡೆಮೊ ದಿನ ಪರೀಕ್ಷಕರು ಬಂದು ಬೆರಳಿಟ್ಟರು. ಎಸಿ ಕೋಣೆಯಿಂದ ಬಂದಿದ್ದರು, ಬೆರಳು ತಣ್ಣಗಿತ್ತು. ಪರದೆಯಲ್ಲಿ ಎರಡು ಅಡ್ಡಗೆರೆ. "ಕೆಲಸ ಮಾಡ್ತಿಲ್ವಲ್ಲ" ಅಂದರು. "ಸರ್, ಕೈ ಸ್ವಲ್ಪ ಉಜ್ಜಿ, ಇನ್ನೊಂದ್ಸಲ ಇಡಿ" ಅಂದೆವು. ಉಜ್ಜಿದರು, ಇಟ್ಟರು, ಮತ್ತೆ ಅಡ್ಡಗೆರೆ. ಮೂರನೇ ಸಲಕ್ಕೆ 98 ಬಂತು. ಅವರು ಅಷ್ಟೊತ್ತಿಗೆ ಪಕ್ಕದ ಮೇಜಿನ ಕಡೆ ತಿರುಗಿದ್ದರು. ಅಲ್ಲಿನ ಯಂತ್ರ ಬೆರಳು ತಾಗುವ ಮೊದಲೇ ಸಂಖ್ಯೆ ತೋರಿಸುತ್ತಿತ್ತು.